ಗೂರಲಿನ ಒಳಚಿತ್ರ

ಗೂರಲಿನ ರೋಗಿಯಿರುವ ಮನೆಯಲ್ಲಿ ರಾತ್ರಿ ಎರಡು ಗಂಟೆಗೂ ದೀಪ ಉರಿಯುತ್ತಿರುತ್ತದೆ. ಮಲಗಲಾರದ ಜೀವವೊಂದು ಹಾಸಿಗೆಯ ಮೇಲೆ ಎದ್ದು ಕುಳಿತು, ಕೈಗಳೆರಡನ್ನೂ ಮೊಣಕಾಲಿಗೆ ಊರಿ, ಹೆಗಲನ್ನು ಮೇಲಕ್ಕೆತ್ತಿ ಗಾಳಿಗಾಗಿ ಹೆಣಗುತ್ತಿರುತ್ತದೆ. ನೀರು ಕಾಯಿಸುವವರು ಒಬ್ಬರು, ಬೆನ್ನು ನೀವುವವರು ಒಬ್ಬರು, ಕಿಟಕಿಯನ್ನು ತೆರೆಯಬೇಕೋ ಮುಚ್ಚಬೇಕೋ ತಿಳಿಯದೆ ನಿಂತವರು ಮತ್ತೊಬ್ಬರು. ಬೆಳಗಾಗುವ ಹೊತ್ತಿಗೆ ಎಲ್ಲವೂ ತಿಳಿಯಾಗುತ್ತದೆ. ಹತ್ತು ಗಂಟೆಗೆ ವೈದ್ಯರ ಬಳಿಗೆ ಹೋದಾಗ ಎದೆಯಲ್ಲಿ ಸುಯ್ಲೂ ಇರುವುದಿಲ್ಲ, ಕ್ಷ-ಕಿರಣದ ಚಿತ್ರದಲ್ಲಿ ದೋಷವೂ ಕಾಣುವುದಿಲ್ಲ. ಚಿತ್ರ ಸ್ವಚ್ಛವಾಗಿದೆಯೆಂಬುದು ಸಮಾಧಾನ ತರಬೇಕಾದ ಮಾತು. ಆದರೆ ರಾತ್ರಿಯೆಲ್ಲ ನರಳಿದವರ ಕಿವಿಗೆ ಅದು ಒಂದು ಬಗೆಯ ಆರೋಪದಂತೆ ಕೇಳಿಸುತ್ತದೆ. ಚಿತ್ರದಲ್ಲಿಲ್ಲದ ರೋಗ ಮನಸ್ಸಿನಲ್ಲಿರಬೇಕೆಂದು ಮನೆಮಂದಿ ಶಂಕಿಸತೊಡಗುತ್ತಾರೆ. ಕೆಲವೊಮ್ಮೆ ರೋಗಿಯೇ ಶಂಕಿಸುವುದೂ ಉಂಟು.

ಕ್ಷ-ಕಿರಣವನ್ನು ಇಲ್ಲಿ ದೂರಿ ಫಲವಿಲ್ಲ. ಅದು ಸುಳ್ಳು ಹೇಳಿದ್ದಲ್ಲ. ಅದಕ್ಕೆ ಅಷ್ಟು ಕಣ್ಣಿಲ್ಲ. 1895ರಲ್ಲಿ ಜರ್ಮನಿಯ ವೂರ್ಟ್ಸ್‌ಬರ್ಗಿನಲ್ಲಿ ರಾಂಟ್ಜೆನ್ ಕಂಡುಹಿಡಿದ ಈ ಕಿರಣ ಎದೆಯ ಹಿಂದು ಮುಂದನ್ನೆಲ್ಲ ಒಂದೇ ಹಾಳೆಯ ಮೇಲೆ ಒತ್ತಿಬಿಡುತ್ತದೆ. ಪಕ್ಕೆಲುಬು, ಹೃದಯ, ರಕ್ತನಾಳ, ಶ್ವಾಸಕೋಶ ಎಲ್ಲದರ ನೆರಳೂ ಒಂದರ ಮೇಲೊಂದು ಬೀಳುತ್ತದೆ. ನ್ಯುಮೋನಿಯಾದ ಬಿಳಿ ಮಚ್ಚೆ, ಕ್ಷಯ ಕೊರೆದ ಗುಳಿ, ಎದೆಯಲ್ಲಿ ತುಂಬಿದ ನೀರು ಇವೆಲ್ಲ ಅದರಲ್ಲಿ ಕಾಣುತ್ತವೆ. ಗೂರಲಿನ ನೆಲೆಯಾದರೋ ಶ್ವಾಸನಾಳದ ಗೋಡೆ. ದೊಡ್ಡ ಕವಲುಗಳಲ್ಲಿ ಕೂಡ ಆ ಗೋಡೆಯ ದಪ್ಪ ಒಂದೆರಡು ಮಿಲಿಮೀಟರಿಗೆ ಮೀರದು. ನೆರಳುಗಳ ಆ ರಾಶಿಯಲ್ಲಿ ಅಂಥ ಗೋಡೆ ಇನ್ನಷ್ಟು ದಪ್ಪವಾದರೂ ಕಣ್ಣಿಗೆ ಬೀಳುವುದು ಅಪರೂಪ.

ಗೂರಲು, ಉಬ್ಬಸ, ದಮ್ಮು ಎಂದು ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು ಪಡೆದ ಈ ಬೇನೆ ಹೊಸತಲ್ಲ. ಚರಕಸಂಹಿತೆಯು ಇದನ್ನು ತಮಕಶ್ವಾಸವೆಂದು ಕರೆದು ಲಕ್ಷಣಗಳನ್ನು ಬಣ್ಣಿಸಿದೆ. ಮೋಡ ಕವಿದಾಗ, ಥಂಡಿಗಾಳಿ ಬೀಸಿದಾಗ ಉಲ್ಬಣಿಸುವುದು, ಮಲಗಿದರೆ ಬಾಧೆ, ಕುಳಿತರೆ ನೆಮ್ಮದಿ, ಕಫ ಬಿಡದಿದ್ದರೆ ಸಂಕಟ, ಬಿಟ್ಟರೆ ಅರೆಗಳಿಗೆಯ ಸುಖ—ಇಷ್ಟನ್ನೂ ಅದು ಹೇಳುತ್ತದೆ. ಇಂಗ್ಲೆಂಡಿನ ಸರ್ ಜಾನ್ ಫ್ಲಾಯರ್ 1698ರಲ್ಲಿ ಈ ಬೇನೆಯನ್ನು ಕುರಿತೇ ಒಂದು ಗ್ರಂಥ ಬರೆದನು. ಅವನು ಸ್ವತಃ ಈ ಬೇನೆಯಿಂದ ನರಳಿದವನು. ಆದುದರಿಂದ ಅವನ ವರ್ಣನೆಗೆ ಅನುಭವದ ಬಲವಿದೆ. ಹೀಗೆ ಪೂರ್ವದವರೂ ಪಶ್ಚಿಮದವರೂ ಕಂಡದ್ದು ಮಾತ್ರ ಹೊರಗಿನಿಂದ. ಎದೆಯೊಳಗೆ ಆಗುವುದೇನೆಂಬುದನ್ನು ಇಬ್ಬರೂ ಊಹಿಸಬೇಕಾಯಿತೇ ಹೊರತು ನೋಡಲಾಗಲಿಲ್ಲ.

ನೋಡುವ ಅವಕಾಶ ಒದಗಿದ್ದು ಶವಪರೀಕ್ಷೆಯ ಕೋಣೆಯಲ್ಲಿ. ಅದೂ ವಿರಳವಾಗಿ. ಗೂರಲಿನವರು ನರಳುತ್ತಲೇ ದೀರ್ಘಕಾಲ ಬದುಕುತ್ತಾರೆ, ಅದರಿಂದ ಸಾಯುವುದಿಲ್ಲ ಎಂಬ ಭ್ರಮೆ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ವೈದ್ಯರಲ್ಲಿಯೇ ಬೇರೂರಿತ್ತು. 1922ರಲ್ಲಿ ಅಮೆರಿಕದ ಹ್ಯೂಬರ್ ಮತ್ತು ಕೆಸ್ಲರ್ ಎಂಬಿಬ್ಬರು ಗೂರಲಿನಿಂದ ತೀರಿಕೊಂಡವರ ಶ್ವಾಸನಾಳಗಳನ್ನು ಅಳತೆಗೋಲಿಗೆ ಒಳಪಡಿಸಿದರು. ಬೇರೆ ಕಾರಣದಿಂದ ತೀರಿಕೊಂಡವರ ನಾಳಗಳಿಗಿಂತ ಇವುಗಳ ಗೋಡೆ ದಪ್ಪವಾಗಿತ್ತು. 1960ರಲ್ಲಿ ಇಂಗ್ಲೆಂಡಿನ ಡನ್ನಿಲ್ ಎಂಬ ರೋಗವಿಜ್ಞಾನಿ, ಗೂರಲಿನ ಪಟ್ಟು ಬಿಡದೆಯೇ ಪ್ರಾಣ ಬಿಟ್ಟವರ ಶ್ವಾಸಕೋಶಗಳನ್ನು ವಿವರವಾಗಿ ವರ್ಣಿಸಿದನು. ಎದೆಯನ್ನು ತೆರೆದರೆ ಸಾಮಾನ್ಯವಾಗಿ ಶ್ವಾಸಕೋಶ ಗಾಳಿ ಬಿಟ್ಟ ಚೀಲದಂತೆ ಕುಗ್ಗಬೇಕು. ಇಂಥವರಲ್ಲಿ ಅದು ಕುಗ್ಗದೆ ಉಬ್ಬಿಯೇ ಇರುತ್ತದೆ. ಒಳಹೊಕ್ಕ ಗಾಳಿಗೆ ಹೊರಬರುವ ದಾರಿ ಇಲ್ಲ. ನಾಳವನ್ನು ಕತ್ತರಿಸಿ ನೋಡಿದರೆ ಒಳಗೆ ಗಟ್ಟಿಯಾದ, ರಬ್ಬರಿನಂತೆ ಎಳೆದರೆ ಬರುವ ಲೋಳೆಯ ಬಿರಡೆಗಳು.

ಬದುಕಿರುವವರ ಎದೆಯಿಂದ ಸಿಗುತ್ತಿದ್ದ ಸಾಕ್ಷ್ಯ ಕಫವೊಂದೇ. ಜರ್ಮನಿಯ ಕುರ್ಷ್‌ಮನ್ 1882ರಲ್ಲಿ ಗೂರಲಿನವರ ಕಫದಲ್ಲಿ ತಿರುಪುಮೊಳೆಯಂತೆ ಸುತ್ತಿಕೊಂಡ ಎಳೆಗಳನ್ನು ಕಂಡನು. ಅವು ಸಣ್ಣ ನಾಳಗಳೊಳಗೆ ಎರಕ ಹೊಯ್ದಂತೆ ರೂಪುಗೊಂಡು ಹೊರಬಿದ್ದ ಲೋಳೆ. ಅದಕ್ಕೂ ಹಿಂದೆಯೇ ಪ್ಯಾರಿಸ್ಸಿನ ಶಾರ್ಕೋ, ಆಮೇಲೆ ಜರ್ಮನಿಯ ಲೇಡನ್, ಸೂಕ್ಷ್ಮದರ್ಶಕದ ಕೆಳಗೆ ಸೂಜಿಮೊನೆಯ ಹರಳುಗಳನ್ನು ಗುರುತಿಸಿದ್ದರು. ಒಳಗಿನ ಸಂಗತಿಯನ್ನು ಹೊರಗೆ ತಿಳಿಸುವ ತುಂಡು ಕಾಗದಗಳಂತಿದ್ದವು ಇವು. ಆದರೆ ಯಾವ ವಿಳಾಸದಿಂದ ಬಂದವೆಂದು ಅವುಗಳ ಮೇಲೆ ಬರೆದಿರಲಿಲ್ಲ.

ಹೀಗಾಗಿ ಒಂದು ದೊಡ್ಡ ಪ್ರಶ್ನೆ ಬಹುಕಾಲ ಉತ್ತರವಿಲ್ಲದೆ ಉಳಿಯಿತು. ಶವದಲ್ಲಿ ಕಂಡ ಆ ಬಿರಡೆಗಳು ಕೊನೆಯ ರಾತ್ರಿಯ ಅವಾಂತರವೇ, ಅಥವಾ ವರ್ಷಗಟ್ಟಲೆಯಿಂದ ಅಲ್ಲಿಯೇ ಕುಳಿತಿದ್ದವೇ? ಮೊದಲನೆಯದಾದರೆ ಗೂರಲೆಂಬುದು ಬಂದು ಹೋಗುವ ಬಿರುಗಾಳಿ. ಬಂದಾಗ ತಡೆದುಕೊಂಡರೆ ಸಾಕು. ಎರಡನೆಯದಾದರೆ, ರೋಗಿ ನಗುನಗುತ್ತ ಓಡಾಡುವ ದಿನಗಳಲ್ಲಿಯೂ ಎದೆಯ ಕೆಲವು ಕೋಣೆಗಳಿಗೆ ಬೀಗ ಬಿದ್ದಿದೆಯೆಂದಾಯಿತು. ಚಿಕಿತ್ಸೆಯ ರೀತಿಯೇ ಬೇರೆಯಾಗಬೇಕಾಯಿತು. ಸತ್ತವರು ಇದಕ್ಕೆ ಉತ್ತರ ಹೇಳಲಾರರು. ಬದುಕಿರುವವರ ಎದೆಯನ್ನೇ ಒಂದು ಸಲವಲ್ಲ, ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ನೋಡಬೇಕಾಗಿತ್ತು.

ನೋಡಬೇಕಾದ ವಸ್ತುವಾದರೂ ಎಂಥದು! ಗಂಟಲಿನಿಂದ ಇಳಿದ ಶ್ವಾಸನಾಳ ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಸುಮಾರು ಇಪ್ಪತ್ತಮೂರು ಸಲ ಕವಲೊಡೆಯುತ್ತದೆ. ತಲೆಕೆಳಗಾಗಿ ನಿಲ್ಲಿಸಿದ ಆಲದ ಮರವೆನ್ನಬಹುದು. ಕಾಂಡ ಹೆಬ್ಬೆರಳಿನ ಗಾತ್ರದ್ದು; ಏಳೆಂಟು ಕವಲುಗಳ ಆಚೆಗೆ ಕೊಂಬೆಗಳ ಒಳ ಅಗಲ ಎರಡು ಮಿಲಿಮೀಟರಿಗೂ ಕಡಿಮೆ; ತುದಿಯಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳು. ಗೂರಲಿನಲ್ಲಿ ಈ ಕೊಂಬೆಗಳ ಗೋಡೆಯೊಳಗಿನ ಸ್ನಾಯು ಬಿಗಿಯುತ್ತದೆ, ಒಳಪೊರೆ ಬಾತುಕೊಳ್ಳುತ್ತದೆ, ಲೋಳೆ ಸುರಿಯುತ್ತದೆ. ಕೊಳವೆ ಅರ್ಧಕ್ಕೆ ಕಿರಿದಾದರೆ ಗಾಳಿಗೆ ಅಡ್ಡಿ ಎರಡರಷ್ಟಾಗುವುದೆಂದು ಯಾರಾದರೂ ತಿಳಿದಾರು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯ ಕೊಳವೆಗಳಲ್ಲಿ ದ್ರವ ಹರಿಯುವುದನ್ನು ಅಳೆದು ತೋರಿಸಿದ ನಿಯಮದಂತೆ ಅದು ಹದಿನಾರರಷ್ಟಾಗುತ್ತದೆ. ಕೂದಲೆಳೆಯಷ್ಟು ಊತ ಒಬ್ಬ ಮನುಷ್ಯನನ್ನು ಮೆಟ್ಟಿಲ ಮೇಲೆ ಕುಕ್ಕರಿಸುವುದು ಇದರಿಂದಲೇ.

ಈ ಮರವನ್ನು ಬದುಕಿರುವಾಗಲೇ ಕೊಂಬೆ ಕೊಂಬೆಯಾಗಿ ಕಾಣಿಸಿದ ಯಂತ್ರ ಹುಟ್ಟಿದ್ದು ಗ್ರಾಮಫೋನ್ ತಟ್ಟೆಗಳಿಂದ ಹೆಸರಾದ ಕಂಪನಿಯೊಂದರಲ್ಲಿ. ನಾಯಿಯು ಕಹಳೆಗೆ ಕಿವಿಗೊಟ್ಟು ಕುಳಿತ ಚಿತ್ರದ ಎಚ್.ಎಂ.ವಿ. ತಟ್ಟೆಗಳನ್ನು ಕಾಣದ ಹಳೆಯ ಮನೆಗಳು ಕಡಿಮೆ. ಆ ತಟ್ಟೆಗಳ ಹಿಂದಿದ್ದ ಬ್ರಿಟನ್ನಿನ ಇ.ಎಂ.ಐ. ಸಂಸ್ಥೆಯಲ್ಲಿ ಇಂಜಿನಿಯರನಾಗಿದ್ದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಒಂದು ಸರಳವಾದ ವಿಚಾರ ಮಾಡಿದನು. ಕಿರಣವನ್ನು ಒಂದೇ ದಿಕ್ಕಿನಿಂದ ಹಾಯಿಸಿದರೆ ನೆರಳುಗಳು ಬೆರೆಯುತ್ತವೆ. ಸುತ್ತಲಿನಿಂದಲೂ ಹಾಯಿಸಿ, ಪ್ರತಿ ದಿಕ್ಕಿನಲ್ಲಿಯೂ ಎಷ್ಟು ಕಿರಣ ಒಳಗೆ ಉಳಿಯಿತೆಂದು ಲೆಕ್ಕವಿಟ್ಟು, ಆ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದರೆ? ಬೇರೆ ಬೇರೆ ದಿಕ್ಕಿನ ನೆರಳುಗಳಿಂದ ವಸ್ತುವಿನ ಒಂದು ಹೋಳನ್ನೇ ಮರಳಿ ಕಟ್ಟಬಹುದು. ಸೌತೆಕಾಯಿಯನ್ನು ಹೆಚ್ಚದೆಯೇ ಬಿಲ್ಲೆಯನ್ನು ನೋಡಿದಂತೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದರು. 1979ರಲ್ಲಿ ಹೌನ್ಸ್‌ಫೀಲ್ಡನಿಗೂ, ಇದರ ಗಣಿತವನ್ನು ಮೊದಲೇ ಬೇರೆಯಾಗಿ ಬಿಡಿಸಿಟ್ಟಿದ್ದ ಕಾರ್ಮಕನಿಗೂ ನೊಬೆಲ್ ಪಾರಿತೋಷಕ ಬಂದಿತು. ಇದೇ ಈಗ ಎಲ್ಲರ ಬಾಯಲ್ಲಿರುವ ಸಿ.ಟಿ. ಸ್ಕ್ಯಾನ್.

ಮಿದುಳು ಸುಮ್ಮನಿರುವ ಅಂಗ, ಎದೆ ಹಾಗಲ್ಲ. ಮೊದಲ ಯಂತ್ರಗಳಿಗೆ ಒಂದು ಹೋಳಿನ ಚಿತ್ರ ತೆಗೆಯಲು ನಿಮಿಷಗಳೇ ಬೇಕಾಗುತ್ತಿದ್ದವು. ಅಷ್ಟು ಹೊತ್ತು ಉಸಿರು ಹಿಡಿಯುವುದು ಪೈಲ್ವಾನನಿಗೂ ಆಗದ ಕೆಲಸ, ಗೂರಲಿನವರ ಪಾಡೇನು? ರೋಗಿಯ ಸುತ್ತ ಸುರುಳಿಯಾಗಿ ಸಾಗುತ್ತ, ಒಂದೇ ಸುತ್ತಿಗೆ ಹಲವು ಹೋಳುಗಳನ್ನು ಹಿಡಿಯುವ ಯಂತ್ರಗಳು 1998ರ ಹೊತ್ತಿಗೆ ಬಂದ ಮೇಲೆ ಈ ತೊಡಕು ಬಿಡಿಸಿತು. ಈಗ ಇಡೀ ಎದೆಯ ಚಿತ್ರವನ್ನು ಒಂದೇ ಉಸಿರು ಹಿಡಿತದಲ್ಲಿ, ಕೆಲವೇ ಸೆಕೆಂಡುಗಳಲ್ಲಿ ತೆಗೆದು ಮುಗಿಸುತ್ತಾರೆ. ಗಾಳಿ ಕಪ್ಪಾಗಿ, ಗೋಡೆ ಬೆಳ್ಳಗೆ, ರಕ್ತನಾಳ ಬೆಳ್ಳಗಿನ ಚುಕ್ಕೆಯಾಗಿ ಕಾಣುತ್ತದೆ. ಅಡ್ಡಕೊಯ್ದ ಶ್ವಾಸನಾಳ ಪುಟ್ಟ ಬಳೆಯಂತೆ ತೋರುತ್ತದೆ. ಬಳೆಯ ದಪ್ಪವೆಷ್ಟು, ಒಳಗಿನ ರಂಧ್ರವೆಷ್ಟು ಎಂಬುದನ್ನು ಕಂಪ್ಯೂಟರೇ ಅಳೆದುಕೊಡುತ್ತದೆ.

ಜಪಾನಿನ ಕ್ಯೋಟೋದಲ್ಲಿ ನಿಯಿಮಿ ಎಂಬ ವೈದ್ಯನೂ ಸಂಗಡಿಗರೂ 2000ದಲ್ಲಿ ಇಂಥ ಅಳತೆಯೊಂದನ್ನು ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಬಲ ಶ್ವಾಸಕೋಶದ ಮೇಲ್ತುದಿಗೆ ಹೋಗುವ ಒಂದೇ ಒಂದು ನಾಳ. ಎಲ್ಲರಲ್ಲಿಯೂ ಅದೇ ಜಾಗದಲ್ಲಿ ಸಿಗುವುದರಿಂದ ಹೋಲಿಕೆ ಸುಲಭ. ಗೂರಲಿನವರಲ್ಲಿ ಅದರ ಗೋಡೆ ಆರೋಗ್ಯವಂತರದಕ್ಕಿಂತ ದಪ್ಪವಾಗಿತ್ತು. ಬೇನೆ ತೀವ್ರವಾದಷ್ಟೂ ದಪ್ಪ ಹೆಚ್ಚು. ಹ್ಯೂಬರ್-ಕೆಸ್ಲರ್ ಜೋಡಿ ಸತ್ತವರಲ್ಲಿ ಕಂಡದ್ದು ಬದುಕಿರುವವರಲ್ಲಿಯೂ ನಿಜವೆಂದು ತಿಳಿಯಲು ಸುಮಾರು ಎಂಬತ್ತು ವರ್ಷ ಹಿಡಿಯಿತು. ಅದೇ ತಂಡ ಮುಂದೆ ಸ್ಟೀರಾಯ್ಡ್ ಔಷಧವನ್ನು ಕೆಲವು ವಾರ ಸೇದಿದವರ ನಾಳವನ್ನು ಅಳೆದಾಗ ಗೋಡೆ ತೆಳುವಾಗಿತ್ತು. ಆದರೂ ಆರೋಗ್ಯವಂತರ ಮಟ್ಟಕ್ಕೆ ಇಳಿದಿರಲಿಲ್ಲ. ಬಾವು ಇಳಿಯಿತು, ಗಾಯದ ಕಲೆ ಉಳಿಯಿತು ಎನ್ನೋಣವೇ? ಹಾಗೆಂದು ತೀರ್ಪು ಕೊಡುವುದೂ ಆತುರವಾದೀತು. ದಪ್ಪವಾದ ಗೋಡೆ ಗಡುಸಾಗಿ ನಾಳ ಪೂರ್ತಿ ಮುಚ್ಚಿಹೋಗದಂತೆ ಸ್ವಲ್ಪಮಟ್ಟಿಗೆ ಕಾಯುತ್ತದೆಂಬ ಸೂಚನೆಯನ್ನೂ ಇದೇ ತಂಡ ಕೊಟ್ಟಿದೆ. ಪ್ರಕೃತಿ ಮಾಡುವ ರಿಪೇರಿಯಲ್ಲಿ ಲಾಭ ನಷ್ಟ ಎರಡೂ ಬೆರೆತಿರುವುದು ಅಪರೂಪವೇನಲ್ಲ.

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ತೀವ್ರ ಗೂರಲಿನ 185 ಮಂದಿಯ ಸಿ.ಟಿ. ಚಿತ್ರಗಳನ್ನು ಪರಿಶೀಲಿಸಿ 2009ರಲ್ಲಿ ವರದಿ ಮಾಡಿದರು. ಹತ್ತರಲ್ಲಿ ಎಂಟು ಮಂದಿಯ ಚಿತ್ರದಲ್ಲಿ ಏನಾದರೊಂದು ವ್ಯತ್ಯಾಸವಿತ್ತು. ಹಲವರಲ್ಲಿ ಗೋಡೆ ದಪ್ಪ. ಹಲವರಲ್ಲಿ ನಾಳಗಳು ಶಾಶ್ವತವಾಗಿ ಹಿಗ್ಗಿ ಜೋತುಬಿದ್ದಿದ್ದವು. ವೈದ್ಯರು ಅಗತ್ಯವೆಂದು ಸ್ಕ್ಯಾನಿಗೆ ಕಳಿಸಿದವರು ಇವರಾದ್ದರಿಂದ ಎಲ್ಲ ರೋಗಿಗಳಿಗೂ ಈ ಲೆಕ್ಕವನ್ನು ಅನ್ವಯಿಸಬಾರದು. ಆದರೂ ‘ಚಿತ್ರ ಸ್ವಚ್ಛ’ವೆಂದು ಮನೆಗೆ ಮರಳಿದವರ ಎದೆಯಲ್ಲಿ ಏನೆಲ್ಲ ಇರಬಹುದೆಂಬುದಕ್ಕೆ ಇದು ಸಾಕಷ್ಟು ಸೂಚನೆ.

ಇನ್ನು ಬಿರಡೆಗಳ ಮಾತು. ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆಯ ನೆರವಿನಿಂದ ತೀವ್ರ ಗೂರಲಿನ ಅಧ್ಯಯನಕ್ಕೆಂದೇ 2001ರಲ್ಲಿ ಒಂದು ಕಾರ್ಯಕ್ರಮ ಆರಂಭವಾಯಿತು. ಅದರಲ್ಲಿ ಸೇರಿದ್ದವರ ಚಿತ್ರಗಳನ್ನು ಹಿಡಿದು ಕುಳಿತವರು ಎಲೀನರ್ ಡನಿಕನ್, ಜಾನ್ ಫೇಹಿ ಮತ್ತಿತರರು. ಅವರ ವಿಧಾನ ಆಡಂಬರವಿಲ್ಲದ್ದು. ಶ್ವಾಸಕೋಶವನ್ನು ಇಪ್ಪತ್ತು ವಿಭಾಗಗಳಾಗಿ ಎಣಿಸುವುದು. ಪ್ರತಿ ವಿಭಾಗದಲ್ಲಿ ನಾಳವನ್ನು ಪೂರ್ತಿ ಮುಚ್ಚಿದ ಒಂದಾದರೂ ಬಿರಡೆ ಕಂಡರೆ ಒಂದು ಅಂಕ, ಇಲ್ಲದಿದ್ದರೆ ಸೊನ್ನೆ. ಕಪ್ಪಾಗಿ ಕಾಣಬೇಕಾದ ರಂಧ್ರ ಬೆಳ್ಳಗೆ ತುಂಬಿಕೊಂಡಿದ್ದರೆ ಅದೇ ಬಿರಡೆ. ಶಾಲೆಯ ಮೇಷ್ಟ್ರು ಹಾಜರಿ ಹಾಕಿದಂತಹ ಈ ಎಣಿಕೆಯ ಫಲ 2018ರಲ್ಲಿ ಪ್ರಕಟವಾಯಿತು.

146 ಮಂದಿ ಗೂರಲಿನವರಲ್ಲಿ ನೂರಕ್ಕೆ 58 ಮಂದಿಯಲ್ಲಿ ಒಂದಾದರೂ ವಿಭಾಗದಲ್ಲಿ ಬಿರಡೆ ಇತ್ತು. ಹೋಲಿಕೆಗೆ ತೆಗೆದುಕೊಂಡ 22 ಮಂದಿ ಆರೋಗ್ಯವಂತರಲ್ಲಿ ಕಂಡದ್ದು ಒಬ್ಬರಲ್ಲಿ ಮಾತ್ರ. ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿ ನಿರೀಕ್ಷಿತ ಪ್ರಮಾಣದ ನೂರಕ್ಕೆ 60ಕ್ಕಿಂತಲೂ ಕೆಳಗಿಳಿದಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ನಾಲ್ಕು ಅಥವಾ ಅದಕ್ಕೂ ಹೆಚ್ಚು ವಿಭಾಗಗಳು ಹೀಗೆ ಮುಚ್ಚಿದ್ದವು. ಗಾಳಿ ಸರಾಗವಾಗಿ ಊದಬಲ್ಲವರಲ್ಲಿ ಅಷ್ಟು ಬಿರಡೆ ಇದ್ದವರು ನೂರಕ್ಕೆ ಆರು. ಇವೆಲ್ಲಕ್ಕಿಂತ ಗಮನಾರ್ಹವಾದ ಸಂಗತಿ ಬೇರೊಂದಿದೆ. ವರ್ಷಗಳ ಬಳಿಕ ಅದೇ ರೋಗಿಗಳನ್ನು ಮತ್ತೆ ಯಂತ್ರದೊಳಗೆ ಮಲಗಿಸಿ ನೋಡಿದರೆ, ಬಿರಡೆಗಳು ಎಷ್ಟೋ ಬಾರಿ ಅದೇ ವಿಭಾಗದಲ್ಲಿಯೇ ಇದ್ದವು! ಶವಪರೀಕ್ಷೆಯ ಕೋಣೆಯಲ್ಲಿ ಉಳಿದಿದ್ದ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು. ಅವು ಕೊನೆಯ ರಾತ್ರಿ ಬಂದ ಅತಿಥಿಗಳಷ್ಟೇ ಅಲ್ಲ. ಹಲವರ ಎದೆಯಲ್ಲಿ ಖಾಯಂ ಬಾಡಿಗೆದಾರರು.

ಕೆಮ್ಮು ಕಫಗಳ ಗೋಜಿಲ್ಲದ ರೋಗಿಗಳಲ್ಲಿಯೂ ಬಿರಡೆ ಸಿಕ್ಕಿತು. ಕಫ ಬರದಿದ್ದರೆ ಎದೆ ಚೊಕ್ಕಟವೆಂದು ನಂಬುವ ರೂಢಿ ಮನೆಗಳಲ್ಲಿದೆ, ಔಷಧಾಲಯಗಳಲ್ಲಿಯೂ ಇದೆ. ಬರದಿರುವುದು ಇಲ್ಲದ್ದರಿಂದಲೋ, ಬರಲಾರದಷ್ಟು ಗಟ್ಟಿಯಾದುದರಿಂದಲೋ ಎಂಬುದನ್ನು ಕೆಮ್ಮು ಹೇಳುವುದಿಲ್ಲ. ಗಟ್ಟಿಯಾಗುವುದಕ್ಕೆ ಕಾರಣವನ್ನೂ ಈ ತಂಡ ಹುಡುಕಿತು. ಇಯೊಸಿನೊಫಿಲ್ ಎಂಬ ಒಂದು ಬಗೆಯ ಬಿಳಿಯ ರಕ್ತಕಣ ಬಿರಡೆಯಿರುವವರ ಕಫದಲ್ಲಿ ಹೇರಳ. ಅದು ಉಗುಳುವ ರಾಸಾಯನಿಕಗಳು ಲೋಳೆಯ ಎಳೆಗಳ ನಡುವೆ ಹೊಲಿಗೆ ಹಾಕಿದಂತೆ ಬಂಧಗಳನ್ನು ಬೆಸೆಯುತ್ತವೆ. ನೀರಾಗಿ ಹರಿಯಬೇಕಾದ ಲೋಳೆ ಗೋಂದಾಗುತ್ತದೆ. ಶಾರ್ಕೋ ಕಂಡ ಸೂಜಿಹರಳುಗಳು ಹುಟ್ಟುವುದೂ ಇದೇ ರಕ್ತಕಣದ ಒಂದು ಪ್ರೋಟೀನಿನಿಂದ. ಅವು ನಿರುಪದ್ರವಿಯಾದ ಕಸವಲ್ಲ, ತಾವೇ ಬಾವನ್ನು ಕೆರಳಿಸುತ್ತವೆಂದು ಬೆಲ್ಜಿಯಮ್ಮಿನ ಸಂಶೋಧಕರು 2019ರಲ್ಲಿ ತೋರಿಸಿದರು. ಒಂದೂವರೆ ಶತಮಾನ ಕಳೆದ ಮೇಲೆ ಆ ತುಂಡು ಕಾಗದಗಳ ವಿಳಾಸ ಓದಲು ಬಂತು.

ಸಿ.ಟಿ. ಯಂತ್ರಕ್ಕೂ ಒಂದು ಮಿತಿ ಇದೆ. ಎರಡು ಮಿಲಿಮೀಟರಿಗಿಂತ ಕಿರಿದಾದ ನಾಳಗಳ ಗೋಡೆಯನ್ನು ಅದು ಬಿಡಿಸಿ ತೋರಿಸಲಾರದು. ಗೂರಲು ತನ್ನ ಬಹಳಷ್ಟು ಕೆಲಸವನ್ನು ನಡೆಸುವುದು ಅಲ್ಲಿಯೇ. ಆದುದರಿಂದ ಸಂಶೋಧಕರು ಒಂದು ಉಪಾಯ ಹೂಡಿದರು. ಉಸಿರನ್ನು ತುಂಬಿಕೊಂಡಾಗ ಒಂದು ಚಿತ್ರ, ಪೂರ್ತಿ ಬಿಟ್ಟಾಗ ಇನ್ನೊಂದು. ಬಿಟ್ಟಾಗಲೂ ಯಾವ ಭಾಗ ಕಪ್ಪಾಗಿಯೇ ಉಳಿಯುತ್ತದೋ ಅಲ್ಲಿ ಗಾಳಿ ಸೆರೆಯಾಗಿದೆ. ಅಲ್ಲಿಗೆ ಹೋಗುವ ಕಿರುನಾಳಗಳು ಮುಚ್ಚಿವೆ. ಕಳ್ಳನು ಕಾಣದಿದ್ದರೂ ಹೆಜ್ಜೆ ಸಿಕ್ಕಿತು. ಇಂಥ ಕಪ್ಪು ಪ್ರದೇಶ ಹೆಚ್ಚಾಗಿರುವವರೇ ಆಸ್ಪತ್ರೆಗೆ, ತುರ್ತುನಿಗಾ ಘಟಕಕ್ಕೆ ಹೆಚ್ಚು ಸಲ ಹೋದವರೆಂದು ಅಮೆರಿಕದ ಅದೇ ಕಾರ್ಯಕ್ರಮ 2009ರಲ್ಲಿ ತಿಳಿಸಿತು.

ಗಾಳಿಯ ದಾರಿಯನ್ನು ಗಾಳಿಯಿಂದಲೇ ಕಾಣುವ ಮತ್ತೊಂದು ವಿದ್ಯೆಯೂ ಬೆಳೆದಿದೆ. ಅಯಸ್ಕಾಂತದ ಬಲದಿಂದ ಚಿತ್ರ ತೆಗೆಯುವ ಎಂ.ಆರ್.ಐ. ಯಂತ್ರಕ್ಕೆ ಶ್ವಾಸಕೋಶ ಬರೀ ಕತ್ತಲೆಕೋಣೆ. ಅದು ನೋಡುವುದು ನೀರಿನ ಕಣಗಳನ್ನು, ಎದೆಯಲ್ಲಿರುವುದು ಗಾಳಿ. ಲೇಸರ್ ಬೆಳಕಿನ ಸಹಾಯದಿಂದ ಕ್ಸೆನಾನ್ ಅನಿಲದ ಪರಮಾಣುಗಳನ್ನು ಒಂದೇ ದಿಕ್ಕಿಗೆ ಮುಖಮಾಡಿಸಿದರೆ ಯಂತ್ರಕ್ಕೆ ಅವು ದೀಪದಂತೆ ಕಾಣುತ್ತವೆ. 1994ರಲ್ಲಿ ಇಲಿಯ ಶ್ವಾಸಕೋಶದಲ್ಲಿ ಇದನ್ನು ಮೊದಲು ಮಾಡಿ ತೋರಿಸಿದರು. ಮನುಷ್ಯರ ಮೇಲಿನ ಆರಂಭದ ಪ್ರಯೋಗಗಳಿಗೆ ಒದಗಿದ್ದು ಹೀಲಿಯಂ-3 ಎಂಬ ಅಪರೂಪದ ಅನಿಲ. ಇದು ಪರಮಾಣು ಆಯುಧಗಳಿಗೆಂದು ತಯಾರಿಸಿದ ಟ್ರಿಷಿಯಂ ಕ್ಷಯಿಸಿದಾಗ ದೊರೆಯುವ ಉಪವಸ್ತು. 2001ರ ಭಯೋತ್ಪಾದಕ ದಾಳಿಯ ನಂತರ ಅಮೆರಿಕ ತನ್ನ ಬಂದರುಗಳಲ್ಲಿ ಅಣುಸಾಮಗ್ರಿಯನ್ನು ಪತ್ತೆಮಾಡುವ ಉಪಕರಣಗಳಿಗೆ ಈ ಅನಿಲವನ್ನು ಬಳಸತೊಡಗಿತು. ವೈದ್ಯರ ಪಾಲಿಗೆ ಅದು ಸಿಗದಾಯಿತು. ಬಾಂಬಿನ ಉಚ್ಛಿಷ್ಟವನ್ನು ನಂಬಿದ್ದ ವೈದ್ಯವಿಜ್ಞಾನ ಗಾಳಿಯಲ್ಲಿಯೇ ಲೇಶಮಾತ್ರ ಬೆರೆತಿರುವ ಕ್ಸೆನಾನಿಗೆ ಮರಳಿತು. 2022ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹನ್ನೆರಡು ವರ್ಷ ತುಂಬಿದವರಿಗೆ ಇದರ ಬಳಕೆಯನ್ನು ಒಪ್ಪಿದರು.

ಕ್ಸೆನಾನನ್ನು ಸೇದಿ ಹತ್ತು ಹದಿನೈದು ಸೆಕೆಂಡು ಹಿಡಿದಿಟ್ಟರೆ ಸಾಕು. ಆರೋಗ್ಯವಂತನ ಎದೆ ಹುಣ್ಣಿಮೆಯಂತೆ ಬೆಳಗುತ್ತದೆ. ಗೂರಲಿನವನ ಎದೆ ಇಲಿ ಕಡಿದ ವಸ್ತ್ರದಂತೆ ಅಲ್ಲಲ್ಲಿ ತೂತಾಗಿ ತೋರುತ್ತದೆ. ಗೂರಲು ಎದೆಯನ್ನೆಲ್ಲ ಸಮನಾಗಿ ಹಿಂಡುವುದೆಂಬ ಹಳೆಯ ಕಲ್ಪನೆಯನ್ನು ಇಂಥ ಚಿತ್ರಗಳು ಕೆಡವಿದವು. ಬಾಸ್ಟನ್ನಿನ ವೆನೆಗಾಸ್ ಮತ್ತು ಸಂಗಡಿಗರು ಬೇರೊಂದು ಬಗೆಯ ಚಿತ್ರಣದಿಂದ 2005ರಲ್ಲಿ ತೋರಿಸಿದ್ದೂ ಇದನ್ನೇ. ಒಂದು ನಾಳ ತುಸು ಬಿಗಿದರೆ ಅದರಾಚೆಯ ಭಾಗಕ್ಕೆ ಗಾಳಿ ಕಡಿಮೆ; ಗಾಳಿ ಕಡಿಮೆಯಾದರೆ ನಾಳವನ್ನು ಅಗಲಿಸಿ ಹಿಡಿಯುವ ಎಳೆತವೂ ಕಡಿಮೆ; ಆಗ ಅದು ಮತ್ತಷ್ಟು ಬಿಗಿಯುತ್ತದೆ. ಒಂದೆಡೆಯ ಸಣ್ಣ ತಪ್ಪು ನೆರೆಹೊರೆಯನ್ನೆಲ್ಲ ಸೆಳೆದುಕೊಂಡು ಬೀಳುತ್ತದೆ. ಸೇದಿದ ಔಷಧಿಯೂ ಗಾಳಿಯ ಜೊತೆಗೇ ಹೋಗತಕ್ಕದ್ದಾದ್ದರಿಂದ, ತೆರೆದಿರುವ ಕೋಣೆಗಳಿಗೆ ಸಮೃದ್ಧಿಯಾಗಿಯೂ ಮುಚ್ಚಿದ ಕೋಣೆಗೆ ಜಿಪುಣತನದಿಂದಲೂ ಹಂಚಿಕೆಯಾಗುತ್ತದೆ. ಇನ್‌ಹೇಲರನ್ನು ತಪ್ಪದೆ ಬಳಸಿಯೂ ಕೆಲವರಿಗೆ ಗುಣ ಕಾಣದಿರುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು. ಅಂಥವರನ್ನು ಬಳಸುವ ಕ್ರಮ ತಿಳಿಯದವರೆಂದು ಗದರಿಸುವ ಮೊದಲು ಇದನ್ನು ನೆನೆಯಬೇಕು.

ಭಾರತದಲ್ಲಿ ಒಳಚಿತ್ರಕ್ಕೆ ಇನ್ನೂ ಒಂದು ಪ್ರಯೋಜನವಿದೆ. ಅದು ಇಲ್ಲಿನ ಮನೆಗಳಿಗೆ ನೇರವಾಗಿ ತಟ್ಟುವಂಥದು. ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಕೊಳೆತ ಎಲೆ, ಹುಲ್ಲು, ತೇವದ ಗೋಡೆಗಳಲ್ಲೆಲ್ಲ ಬೆಳೆದು ತನ್ನ ಬೀಜಕಣಗಳನ್ನು ಗಾಳಿಗೆ ತೂರುತ್ತದೆ. ಎಲ್ಲರೂ ದಿನವೂ ಅದನ್ನು ಉಸಿರಾಡುವವರೇ. ಗೂರಲಿನವರಲ್ಲಿ ಕೆಲವರ ಶ್ವಾಸನಾಳದಲ್ಲಿ ಮಾತ್ರ ಅದು ಲೋಳೆಯಲ್ಲಿ ಬೀಡುಬಿಟ್ಟು, ಶರೀರವನ್ನು ಕೆರಳಿಸಿ, ನಾಳಗಳನ್ನು ಹಿಗ್ಗಿಸಿ ಹಾಳುಗೆಡವುತ್ತದೆ. 1952ರಲ್ಲಿ ಲಂಡನ್ನಿನ ವೈದ್ಯರು ಮೊದಲು ವರ್ಣಿಸಿದ ಈ ರೋಗಕ್ಕೆ ಎ.ಬಿ.ಪಿ.ಎ. ಎಂದು ಹೆಸರು. ಕ್ಷ-ಕಿರಣದ ಚಿತ್ರದಲ್ಲಿ ಇದು ಎದೆಯ ಮೇಲ್ಭಾಗದಲ್ಲಿ ಮಸುಕು ನೆರಳಾಗಿ ತೋರುವುದುಂಟು. ಕೆಮ್ಮು, ಸಣ್ಣ ಜ್ವರ, ತೂಕದ ಇಳಿತ, ಒಮ್ಮೊಮ್ಮೆ ಕಫದಲ್ಲಿ ರಕ್ತ—ಈ ನಾಡಿನಲ್ಲಿ ಇಷ್ಟು ಕೂಡಿದರೆ ಮೊದಲು ಮನಸ್ಸಿಗೆ ಬರುವ ಹೆಸರು ಕ್ಷಯ. ಹೀಗೆ ಕ್ಷಯದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದ, ಒಂದು ಸಲ ಮುಗಿಸಿ ಮತ್ತೆ ನುಂಗಿದ ರೋಗಿಗಳ ವೃತ್ತಾಂತ ಭಾರತದ ವೈದ್ಯಕೀಯ ಬರವಣಿಗೆಯಲ್ಲಿ ಧಾರಾಳವಾಗಿ ದೊರೆಯುತ್ತದೆ. ಆ ಅವಧಿಯಲ್ಲಿ ನಾಳಗಳು ಹಿಗ್ಗುತ್ತಲೇ ಇರುತ್ತವೆ. ಹಿಗ್ಗಿದ ನಾಳ ಮರಳಿ ಕುಗ್ಗುವುದು ದುರ್ಲಭ.

ಈ ರೋಗವನ್ನು ಕುರಿತು ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ರಿತೇಶ್ ಅಗರ್‌ವಾಲ್ ಮತ್ತು ಸಹೋದ್ಯೋಗಿಗಳು ನಡೆಸಿದ ಕೆಲಸ ಜಗತ್ತಿನ ಮನ್ನಣೆ ಪಡೆದಿದೆ. ಅವರು ಒತ್ತಿ ಹೇಳಿದ ಗುರುತು ಸಿ.ಟಿ. ಚಿತ್ರದಲ್ಲಿಯೇ ಸಿಗುತ್ತದೆ. ಸಾಮಾನ್ಯವಾದ ಲೋಳೆ ಚಿತ್ರದಲ್ಲಿ ಮಾಂಸಖಂಡದಷ್ಟೂ ಬೆಳ್ಳಗಿರುವುದಿಲ್ಲ. ಈ ಬೂಷ್ಟಿನವರಲ್ಲಿ ಕೆಲವರ ನಾಳ ತುಂಬಿದ ಲೋಳೆ ಬೆನ್ನಿನ ಮಾಂಸಖಂಡಕ್ಕಿಂತಲೂ ಬೆಳ್ಳಗೆ ಹೊಳೆಯುತ್ತದೆ. ಅದು ಕಂಡಿತೆಂದರೆ ಸಂಶಯಕ್ಕೆ ಎಡೆಯೇ ಇಲ್ಲವೆನ್ನಬಹುದು. ರಕ್ತಪರೀಕ್ಷೆಯ ಬೆಂಬಲ ದೊರೆತರೆ ಸ್ಟೀರಾಯ್ಡ್ ಮಾತ್ರೆ, ಬೂಷ್ಟುನಿವಾರಕ ಔಷಧಿಗಳಿಂದ ರೋಗವನ್ನು ಹತೋಟಿಗೆ ತರುವ ಮಾರ್ಗ ತೆರೆದಿದೆ. ಗೂರಲು ಹಳೆಯದಾಗಿದ್ದು, ಕ್ಷಯದ ಕ್ರಿಮಿ ಕಫದಲ್ಲಿ ಒಮ್ಮೆಯೂ ಸಿಗದೆ ಕೇವಲ ನೆರಳನ್ನು ನಂಬಿ ಕ್ಷಯದ ಚಿಕಿತ್ಸೆ ನಡೆದಿದ್ದರೆ, ಈ ರೋಗದ ಹೆಸರನ್ನು ವೈದ್ಯರ ಮುಂದೆ ಎತ್ತುವುದರಲ್ಲಿ ಅವಿನಯವೇನೂ ಇಲ್ಲ.

ಬಿರಡೆಯನ್ನು ಕಂಡದ್ದಾಯಿತು, ತೆಗೆಯುವುದು ಹೇಗೆ? ತೀವ್ರ ಗೂರಲಿಗಾಗಿ ಈಚೆಗೆ ಬಂದ ಚುಚ್ಚುಮದ್ದುಗಳು ಬಾವಿನ ಸರಪಣಿಯ ಒಂದೊಂದು ಕೊಂಡಿಯನ್ನು ಕಳಚುವಂಥವು. 2021ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟೆಜೆಪೆಲುಮಾಬ್ ಎಂಬುದನ್ನು ಕೆಲವರಿಗೆ ಕೊಟ್ಟು, ಇನ್ನು ಕೆಲವರಿಗೆ ಔಷಧವಿಲ್ಲದ ಚುಚ್ಚುಮದ್ದು ಕೊಟ್ಟು, ಮೊದಲೂ ಕೊನೆಯೂ ಸಿ.ಟಿ. ತೆಗೆದು ಬಿರಡೆಗಳನ್ನು ಎಣಿಸಿದ ಪರೀಕ್ಷೆಯ ಫಲ 2023ರಲ್ಲಿ ಹೊರಬಂದಿತು. ಔಷಧ ಪಡೆದವರಲ್ಲಿ ಬಿರಡೆಗಳ ಲೆಕ್ಕ ಇಳಿದಿತ್ತು. ಇಳಿದವರ ಉಸಿರೂ ಸುಧಾರಿಸಿತ್ತು. ವರ್ಷಗಟ್ಟಲೆ ಕುಳಿತ ಬಿರಡೆಯೂ ಕರಗಬಲ್ಲದೆಂದು ಕಣ್ಣಾರೆ ಕಂಡದ್ದು ಸಣ್ಣ ಸಂಗತಿಯಲ್ಲ. ಇಂಥ ಚುಚ್ಚುಮದ್ದುಗಳ ಬೆಲೆ ಮಾತ್ರ ಸಂಬಳದ ಮೇಲೆ ನಡೆಯುವ ಮನೆಗೆ ಎಟುಕುವಂಥದಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನಾಳೆಯೇ ಸ್ಕ್ಯಾನಿಗೆ ಹೊರಡಬೇಕೆನಿಸುವುದು ಸಹಜ. ಅವಸರ ಬೇಡ. ಎದೆಯ ಸಾಮಾನ್ಯ ಕ್ಷ-ಕಿರಣದ ಚಿತ್ರಕ್ಕಿಂತ ಸಿ.ಟಿ. ಚಿತ್ರಕ್ಕೆ ಹತ್ತಾರು ಪಟ್ಟು ಹೆಚ್ಚು ವಿಕಿರಣ ತಗಲುತ್ತದೆ. ಕಡಮೆ ವಿಕಿರಣದಲ್ಲಿ ತೆಗೆಯುವ ಕ್ರಮಗಳಿದ್ದರೂ, ಎಳೆಯ ಮಕ್ಕಳ ವಿಷಯದಲ್ಲಿ ಎಚ್ಚರ ಅಗತ್ಯ. ಯೂರೋಪ್ ಮತ್ತು ಅಮೆರಿಕದ ಶ್ವಾಸತಜ್ಞರ ಸಂಘಗಳು 2014ರಲ್ಲಿ ಕೂಡಿ ಕೊಟ್ಟ ಸಲಹೆಯಂತೆ, ಬೇನೆಯ ರೀತಿ ಗೂರಲಿನ ಜಾಡಿಗೆ ಸರಿಹೊಂದದಿದ್ದಾಗ ತೀವ್ರ ಗೂರಲಿನವರಿಗೆ ಇದು ತಕ್ಕದ್ದು. ಔಷಧಿಯನ್ನು ಕ್ರಮವಾಗಿ ಸೇದಿಯೂ ಮತ್ತೆ ಮತ್ತೆ ಆಸ್ಪತ್ರೆ ಸೇರುವವರು, ಸ್ಟೀರಾಯ್ಡ್ ಮಾತ್ರೆ ಬಿಟ್ಟೊಡನೆ ಬೇನೆ ಮರುಕಳಿಸುವವರು, ಕಫದಲ್ಲಿ ರಕ್ತ ಕಂಡವರು, ಕಂದುಬಣ್ಣದ ಗಟ್ಟಿ ತುಣುಕುಗಳನ್ನು ಕೆಮ್ಮಿದವರು ಈ ಪರೀಕ್ಷೆಯ ಮಾತನ್ನು ಶ್ವಾಸಕೋಶದ ತಜ್ಞರೊಡನೆ ಆಡಬೇಕು. ಮಿಕ್ಕ ಬಹುಮಂದಿಗೆ, ಕೊಳವೆಗೆ ಬಾಯಿಟ್ಟು ಬಲವಾಗಿ ಊದಿಸಿ ಉಸಿರನ್ನು ಅಳೆಯುವ ಹಳೆಯ ಪರೀಕ್ಷೆಯೇ ಸಾಕು.